ಬರಿಗಾಲಿನ ಕರಡಿ ಮಜಲಿಗೆ ಬೂಟಿನ ಪ್ರಾಯೋಜಕರು

ಬೂಟಿನ ಕಂಪನಿಗಳಿಗೆ ಈಗ ಮಣ್ಣಿನ ವಾಸನೆ ಬೇಕಂತೆ. ಕಾಲಿಗೆ ಮಣ್ಣು ತಾಗಬಾರದೆಂದು ಇಷ್ಟು ವರ್ಷ ಬೂಟು ಮಾರಿದವರೇ ಈಗ ಕ್ಯಾಮೆರಾ ಹೊತ್ತು ಮಣ್ಣು ಹುಡುಕುತ್ತಿದ್ದಾರೆ. ಕ್ರಿಕೆಟಿಗರ ಮುಖ ನೋಡಿ ನೋಡಿ ಜನಕ್ಕೆ ಸಾಕಾಯಿತು, ಸಿನಿಮಾದವರ ದರ ಕಂಪನಿಗೆ ಸಾಕಾಯಿತು. ಉಳಿದವನು ಹಾಡುಗಾರ. ಅವನ ಕಾಲಿಗೊಂದು ಬೂಟು, ಅವನ ಊರಿನ ಮೇಲೊಂದು ಡ್ರೋನು. ಇದಕ್ಕೆ ‘ಸಾಂಸ್ಕೃತಿಕ ಅಸಲಿತನ’ ಅಂತ ಹೆಸರಿಟ್ಟು ಹವಾನಿಯಂತ್ರಿತ ಕೋಣೆಯಲ್ಲಿ ಪರದೆ ಇಳಿಬಿಟ್ಟು ವಿವರಿಸುತ್ತಾರೆ.

ಈ ವಿದ್ಯೆಯ ಮೂಲಪುರುಷರು ಮಾತ್ರ ನಿಜಕ್ಕೂ ಅಸಲಿ. ನ್ಯೂಯಾರ್ಕಿನ ಹಾಲಿಸ್ ಎಂಬ ಬಡಾವಣೆಯ ರನ್-ಡಿಎಂಸಿ ಎಂಬ ರ್ಯಾಪ್ ತಂಡದ ಹುಡುಗರು ಲೇಸು ಕಟ್ಟದ ಆಡಿಡಾಸ್ ಬೂಟು ಹಾಕಿಕೊಂಡು ತಿರುಗುತ್ತಿದ್ದರು. 1986ರಲ್ಲಿ ಅದರ ಮೇಲೇ ಒಂದು ಹಾಡು ಕಟ್ಟಿದರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕಛೇರಿಯಲ್ಲಿ ‘ನಿಮ್ಮ ಬೂಟು ಎತ್ತಿ ತೋರಿಸಿ’ ಎಂದಾಗ ಸಾವಿರಾರು ಕೈಗಳು ಮೇಲೆದ್ದವು. ಅಲ್ಲೇ ನಿಂತಿದ್ದ ಕಂಪನಿಯ ಅಧಿಕಾರಿ ಅದನ್ನು ಕಣ್ಣಾರೆ ಕಂಡ. ಹತ್ತು ಲಕ್ಷ ಡಾಲರಿನ ಕರಾರಾಯಿತೆಂದು ಇಂದಿಗೂ ಹೇಳುತ್ತಾರೆ. ಮೊದಲು ಬೂಟು, ಆಮೇಲೆ ಹಾಡು, ಕೊನೆಗೆ ರೊಕ್ಕ ಬಂದ ಕತೆ ಅದು. ಈಗಿನವರು ಮೊದಲು ಬಜೆಟ್ ಪಾಸು ಮಾಡಿಸಿಕೊಂಡು ಆಮೇಲೆ ಪ್ರೀತಿಸುವವರನ್ನು ಹುಡುಕುತ್ತಾರೆ.

ನಮ್ಮ ದೇಶದಲ್ಲಿ ಪೂಮಾ ಈ ದಾರಿ ಹಿಡಿಯಿತು. ಅದರ ಸ್ವೇಡ್ ಬೂಟು 1968ರದ್ದು. ಅದಕ್ಕೆ ಐವತ್ತು ತುಂಬುವ ಹೊತ್ತಿಗೆ ‘ಸ್ವೇಡ್ ಗಲ್ಲಿ’ ಎಂಬ ರ್ಯಾಪ್ ವಿಡಿಯೊ ಬಂತು. ಹಿಂದಿಗೆ ಮುಂಬೈನ ಡಿವೈನ್, ಪಂಜಾಬಿಗೆ ಸಿಕಂದರ್ ಕಾಹ್ಲೋನ್, ತಮಿಳಿಗೆ ಮದುರೈ ಸೋಲ್ಜೋರ್, ಖಾಸಿ ಭಾಷೆಗೆ ಶಿಲ್ಲಾಂಗಿನ ಖಾಸಿ ಬ್ಲಡ್ಜ್. ಹಾಡು ಚೆನ್ನಾಗಿಯೇ ಇದೆ. ಕಂಪನಿಯ ಭಾರತದ ಮುಖ್ಯ ಕಚೇರಿ ಇರುವುದು ಮಾತ್ರ ಬೆಂಗಳೂರಿನಲ್ಲಿ. ಶಿಲ್ಲಾಂಗಿನ ತನಕ ಹೋದವರಿಗೆ ತಮ್ಮ ಕಚೇರಿಯ ಕೆಳಗಿನ ಕನ್ನಡದ ಗಲ್ಲಿಗೆ ಇಳಿಯಲು ಆಗಲಿಲ್ಲ. ಅವತ್ತು ಲಿಫ್ಟು ಕೆಟ್ಟಿತ್ತೋ ಏನೋ. 2024ರಲ್ಲಿ ಕ್ರಿಕೆಟ್ ತಂಡದ ಹೆಸರಿನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದಾಗ ಆರ್‌ಸಿಬಿಯ ಜೆರ್ಸಿ ಮೇಲೆ ಇದೇ ಕಂಪನಿಯ ಗುರುತಿತ್ತು. ಆ ಸಮಾರಂಭಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ವೇದಿಕೆಯಲ್ಲಿ ರಘು ದೀಕ್ಷಿತ್ ಇದ್ದರು, ನಿಜ. ತಂಡದ ಹೊಸ ಹಾಡಿಗೆ ಡಿಜೆ ಆಲನ್ ವಾಕರ್ ಬಂದದ್ದು ನಾರ್ವೆಯಿಂದ.

ಬೆಂಗಳೂರೇ ಇವರಿಗೆ ಇಷ್ಟು ದೂರವಾದರೆ ನಮ್ಮ ಕೊಪ್ಪಳ ಎಷ್ಟು ದೂರ! ಆದರೂ ನಾಳೆ ಬಂದರು ಅಂತ ಇಟ್ಟುಕೊಳ್ಳಿ. ಪಟ್ಟಿ ಸಿದ್ಧವಾಗಿಯೇ ಇರುತ್ತದೆ: ಸೂರ್ಯೋದಯಕ್ಕೆ ಅಂಜನಾದ್ರಿ, ಆನೆಗೊಂದಿಯಲ್ಲಿ ಹರಿಗೋಲು, ಮೂಲೆಯಲ್ಲೊಂದು ಕಿನ್ನಾಳದ ಗೊಂಬೆ. ತೊಗಲು ಗೊಂಬೆ ಆಡಿಸುವ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆಯಲ್ಲ, ತೊಗಲು ಗೊಂಬೆಗೂ ಒಂದು ಬೂಟು ತೊಡಿಸೋಣ ಎನ್ನುವ ಜಾಣನೂ ಗುಂಪಿನಲ್ಲಿ ಒಬ್ಬನಿರುತ್ತಾನೆ. ಸಂಗೀತಕ್ಕೆ ಕರಡಿ ಮಜಲು. ಸನಾದಿ, ತಾಳ, ಕರಡಿ ವಾದ್ಯ ಮೂರೂ ಕೂಡಿ ಏರುವಾಗ ನಿಂತಲ್ಲಿ ನಿಲ್ಲಲು ಯಾರಿಗೂ ಆಗದು, ಆಯ್ಕೆ ತಪ್ಪಲ್ಲ. ತೊಂದರೆ ಇರುವುದು ಕಾಲಿನಲ್ಲಿ.

“ಯಜಮಾನ್ರೇ, ಈ ಬೂಟು ಹಾಕ್ಕೊಂಡು ಪಲ್ಲಕ್ಕಿ ಮುಂದೆ ಎರಡೇ ನಿಮಿಷ ಬಾರಿಸಿ.”

“ಪಲ್ಲಕ್ಕಿ ಮುಂದ ಕಾಲಾಗ ಮೆಟ್ಟು ಹಾಕ್ಕೊಂಡು ಹೆಂಗ ನಿಂದ್ರೂದು ತಮ್ಮಾ? ದೇವ್ರು ಸುಮ್ಮನಿದ್ರೂ ಊರ ಮಂದಿ ಸುಮ್ಮನಿರಂಗಿಲ್ಲ.”

“ಹಾಗಾದ್ರೆ ಪಲ್ಲಕ್ಕಿ ಬೇಡ. ಬೆಟ್ಟದ ಮೇಲೆ, ಬಂಡೆ ಮೇಲೆ ನಿಂತು…”

“ಬೆಟ್ಟದ ಮ್ಯಾಲ ಯಾರದು ಮದಿವಿ ಐತಿ?”

“ನಿಮ್ಮ ಕಲೆ ಇಡೀ ಜಗತ್ತಿಗೆ ಗೊತ್ತಾಗುತ್ತೆ, ಸರ್.”

“ಆಗ್ಲಿ ಬಿಡು. ಹನ್ನೆಲ್ಡ ಮಂದಿ ಅದೀವಿ, ಕ್ರೂಸರ್ ಬಾಡಿಗಿ ಜಗತ್ತು ಕೊಡತೈತೇನು?”

ಮಾತು ಇಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಬಾಡಿಗೆಯ ಕಾಲಂ ಆ ಪಟ್ಟಿಯಲ್ಲಿರುವುದಿಲ್ಲ, ಡ್ರೋನಿನ ಬಾಡಿಗೆ ಇರುತ್ತದೆ.

ಪ್ರಾಯೋಜಕತ್ವವೇನು ನಮ್ಮವರಿಗೆ ಹೊಸದಲ್ಲ. ಗಂಗಾವತಿ ಕಡೆ ಭತ್ತದ ಗದ್ದೆಯಲ್ಲಿ ಬೀಜದ ಕಂಪನಿಯ ಟೀ ಶರ್ಟು, ಕಬಡ್ಡಿ ಅಂಕಣದಲ್ಲಿ ನಾಯಕರ ಫೋಟೊ ಇರುವ ಬನಿಯನ್ನು ಎಷ್ಟು ಬೇಕು? ಕ್ರಿಮಿನಾಶಕದ ಹೆಸರು ಬೆನ್ನ ಮೇಲೆ ಹೊತ್ತು ಭಜನೆ ಮಾಡಿದವರೂ ಇದ್ದಾರೆ. ಬೀಜದ ಕಂಪನಿ ಸಂಸ್ಕೃತಿ ಉಳಿಸಲು ಬಂದಿದ್ದೇನೆ ಅಂತ ಭಾಷಣ ಬಿಗಿಯಲಿಲ್ಲ. ಅಂಗಿ ಕೊಟ್ಟಿತು, ಹೋಯಿತು. ಇನ್ನು ಬಯಲಾಟ. ದುರ್ಯೋಧನ ಗದೆ ಎತ್ತಿದ ಹೊತ್ತಿಗೇ ಆಟ ನಿಲ್ಲಿಸಿ ಮೈಕಿನಲ್ಲಿ ‘ಇಂಥ ಊರಿನ ಇಂಥವರಿಂದ ನೂರಾ ಒಂದು ರೂಪಾಯಿ ಕಾಣಿಕೆ’ ಎಂದು ಕೂಗುತ್ತಾರಲ್ಲ, ಅದಕ್ಕಿಂತ ಶುದ್ಧ ಕರಾರು ಜಗತ್ತಿನಲ್ಲಿ ಎಲ್ಲಿದೆ? ಮೊದಲು ರೊಕ್ಕ ಕೈಗೆ, ಆಮೇಲೆ ಹೆಸರು ಬಾಯಿಗೆ. ಊರೇ ಸಾಕ್ಷಿ. ದುರ್ಯೋಧನ ಗದೆ ಮತ್ತೆ ಎತ್ತುತ್ತಾನೆ, ಅವನ ಅಸಲಿತನಕ್ಕೆ ಏನೂ ಕುಂದು ಬರುವುದಿಲ್ಲ.

ಇನ್ನೊಂದು ಗುಟ್ಟು. ಕುಷ್ಟಗಿ, ಯಲಬುರ್ಗಾದ ಹುಡುಗರು ನಿಜವಾಗಿ ಕೇಳುತ್ತಿರುವುದು ಮಾಳು ನಿಪನಾಳ, ಬಾಳು ಬೆಳಗುಂದಿಯಂಥವರ ಡಿಜೆ ಜಾನಪದವನ್ನು. ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆ ಗಾತ್ರದ ಸ್ಪೀಕರು, ಎದೆ ನಡುಗಿಸುವ ಬೇಸು, ಪ್ರೀತಿಯ ಹಾಡು. ಇದಕ್ಕಿಂತ ಅಸಲಿ ಏನು ಬೇಕು? ಜಾಹೀರಾತು ಏಜೆನ್ಸಿಯವರು ಮೂಗು ಮುರಿಯುವುದು ಇಲ್ಲೇ. ಅವರಿಗೆ ಬೇಕಾದ ಹಳ್ಳಿ ಸದ್ದು ಮಾಡಬಾರದು, ಬೆವರಬಾರದು, ಯೂಟ್ಯೂಬಿನಲ್ಲಿ ಆಗಲೇ ಗೆದ್ದಿರಬಾರದು. ಗೆದ್ದವನು ದರ ಕೇಳುತ್ತಾನೆ. ಹೋಗಲಿ, ಆ ಬೂಟು ಕೊಳ್ಳಬೇಕಾದ ಹುಡುಗರಾದರೂ ಎಲ್ಲಿ ಕೊಳ್ಳುತ್ತಾರೆ? ಜಾತ್ರೆಯ ಅಂಗಡಿಯಲ್ಲಿ, ಆಡಿಡಾಸಿನ ಮೂರು ಪಟ್ಟೆಗೆ ಒಂದು ಹೆಚ್ಚೇ ಕೊಟ್ಟ ಮಾಲು. ಅಸಲಿ ಸಂಸ್ಕೃತಿ ಅವರಿಗೆ, ನಕಲಿ ಬೂಟು ನಮಗೆ, ವ್ಯಾಪಾರ ಸಮವಾಗಿದೆ.

ಹೆಸರು ಹೇಳದೆ ಎತ್ತಿಕೊಂಡು ಹೋಗುವುದೂ ಹೊಸ ಮಾತಲ್ಲ. 2025ರ ಜೂನಿನಲ್ಲಿ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನಿನಲ್ಲಿ ಕೊಲ್ಹಾಪುರಿಯನ್ನು ಹೋಲುವ ಚಪ್ಪಲಿ ಮೆರೆಸಿತು, ಮೂಲ ಯಾವುದೆಂದು ಬಾಯಿ ಬಿಡಲಿಲ್ಲ. ಕೊಲ್ಹಾಪುರಿ 2019ರಿಂದ ಭೌಗೋಳಿಕ ಸೂಚಕ ಇರುವ ಚಪ್ಪಲಿ. ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. ಗದ್ದಲವೆದ್ದ ಮೇಲಷ್ಟೇ ಕಂಪನಿಗೆ ನೆನಪು ಬಂತು.

ಅದಕ್ಕೇ ಮೇಳದವರಿಗೆ ಒಂದು ಮಾತು. ಕಂಪನಿಯವರು ಬಂದರೆ ಒಗ್ಗರಣಿ-ಮಿರ್ಚಿ ಕೊಡಿ, ಚಹಾ ಕುಡಿಸಿ, ಅದರಲ್ಲಿ ಕಡಿಮೆ ಮಾಡಬೇಡಿ. ಕರಾರು ಕನ್ನಡದಲ್ಲಿ ಬರೆಸಿ, ಓದಿಸಿ ಕೇಳಿ. ವಿಡಿಯೊ ಎಷ್ಟು ವರ್ಷ ಓಡುತ್ತದೋ ಅಷ್ಟೂ ವರ್ಷದ ಪಾಲು ಕೇಳಿ. ಮೇಳದ ಹೆಸರು, ಊರಿನ ಹೆಸರು ಬೂಟಿನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ. ಅರ್ಧ ರೊಕ್ಕ ಖಾತೆಗೆ ಬೀಳುವ ತನಕ ಕರಡಿಗೆ ಕೈ ಹಚ್ಚಬೇಡಿ. ಬೂಟು ಕೊಟ್ಟರೆ ಇಟ್ಟುಕೊಳ್ಳಿ, ಮನೆಯ ಹುಡುಗರಿಗೆ ಆಗುತ್ತದೆ. ಸಂಭಾವನೆಯಲ್ಲಿ ಅದನ್ನು ಮುರಿದುಕೊಳ್ಳಲು ಮಾತ್ರ ಬಿಡಬೇಡಿ.