ಹೆಸರಿಲ್ಲದ ಸಂಘದ ಚರಿತ್ರೆ

ನುಗ್ಗೇಹಳ್ಳಿಯ ಚರಿತ್ರೆಯನ್ನು ಬರೆದವರಿಗೇನೂ ಕೊರತೆಯಿಲ್ಲ. ಹೊಯ್ಸಳ ವೀರಸೋಮೇಶ್ವರನ ದಂಡನಾಯಕನಾದ ಬೊಮ್ಮಣ್ಣನು 1246ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದನೆಂದೂ, ಅದರ ಹೊರಭಿತ್ತಿಯ ಶಿಲ್ಪಗಳಲ್ಲಿ ದಕ್ಷಿಣದವು ನಂದಿಯ ಬೈಚೋಜನ ಕೆಲಸ, ಉತ್ತರದವು ಮಲ್ಲಿತಮ್ಮನ ಕೆಲಸವೆಂದೂ, ಇಬ್ಬರೂ ತಂತಮ್ಮ ಹೆಸರುಗಳನ್ನು ಕಲ್ಲಿನಲ್ಲಿಯೇ ಕೊರೆದಿಟ್ಟು ಮುಂದಿನವರ ವಾಗ್ವಾದಕ್ಕೆ ಎಡೆಯಿಲ್ಲದಂತೆ ಮಾಡಿಹೋದರೆಂದೂ ವಿದ್ವಾಂಸರು ಗ್ರಂಥಗಳಲ್ಲಿ ನಿರೂಪಿಸಿರುವರು. ಆದರೆ ಅದೇ ಊರಿನಲ್ಲಿ, ಅದೇ ದೇವರ ಗಂಟೆಯ ನಾದ ಕೇಳಿಸುವಷ್ಟು ದೂರದ ಕೆರೆಯಂಗಳದಲ್ಲಿ, ಹಲವು ವರ್ಷ ಬಾಳಿ, ಅನೇಕರ ಮೊಣಕಾಲುಗಳ ಮೇಲೆ ಅಳಿಯದ ಶಾಸನಗಳನ್ನು ಬರೆದು, ಕಡೆಗೆ ಯಾರಿಗೂ ತಿಳಿಯದಂತೆ ಕಣ್ಮರೆಯಾದ ನಮ್ಮ ಫುಟ್‌ಬಾಲ್ ಸಂಘದ ಚರಿತ್ರೆಯನ್ನು ಬರೆಯಲು ಇದುವರೆಗೆ ಯಾವ ಪಂಡಿತನೂ ಮುಂದೆ ಬಂದಿಲ್ಲ. ಆದ್ದರಿಂದ ಈ ಭಾರವನ್ನು, ಆ ಸಂಘದಲ್ಲಿ ಬಹುಕಾಲ ಬದಲಿ ಆಟಗಾರನಾಗಿದ್ದು ದಡದ ಮೇಲೆ ಕುಳಿತು ಎಲ್ಲವನ್ನೂ ನಿರ್ಲಿಪ್ತನಾಗಿ ನೋಡಿದ ನಾನೇ ಹೊರಬೇಕಾಯಿತು.

ಚರಿತ್ರೆಗೆ ಆಕರಗಳು ಬೇಕು. ನಮ್ಮ ಸಂಘಕ್ಕೆ ನಡವಳಿ ಪುಸ್ತಕವೊಂದಿದ್ದಿತು. ಅದು ಖಜಾಂಚಿಯ ಮನೆಯಲ್ಲಿ ಸುರಕ್ಷಿತವಾಗಿರಲೆಂದು ಇಡಲ್ಪಟ್ಟು, ಅವನ ಅಜ್ಜಿಯ ಕಣ್ಣಿಗೆ ಬಿದ್ದು, ಹಾಳೆಹಾಳೆಯಾಗಿ ಹಪ್ಪಳದ ಡಬ್ಬಿಗಳ ತಳಕ್ಕೆ ಸೇರಿತು. ಉಳಿದದ್ದು ಮೌಖಿಕ ಪರಂಪರೆ. ಈಗಲೂ ಊರಿನಲ್ಲಿರುವ ಹಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕಂಡು ವಿಚಾರಿಸಿದಾಗ, ಮುಂದೆ ಹೇಳಲಿರುವ ದೊಡ್ಡ ಪಂದ್ಯದ ಗೋಲನ್ನು ಹೊಡೆದವನು ತಾನೇ ಎಂದು ಪ್ರತಿಯೊಬ್ಬನೂ, ನಮ್ಮ ಗೋಲಿಯೂ ಸೇರಿದಂತೆ, ಆಣೆಯಿಟ್ಟು ಹೇಳಿದುದರಿಂದ, ಆ ಪರಂಪರೆಯನ್ನು ನಾನು ತಕ್ಕಷ್ಟು ಎಚ್ಚರಿಕೆಯಿಂದಲೇ ಬಳಸಿರುವೆನು.

ಸಂಘಕ್ಕೆ ಹೆಸರಿರಲಿಲ್ಲ. ಲಕ್ಷ್ಮೀನರಸಿಂಹ ಸಂಘವೆಂದು ಕರೆಯಬೇಕೆಂದು ಒಂದು ಪಕ್ಷ ಹಟ ಹಿಡಿದರೆ, ಊರಿನಲ್ಲಿ ಸದಾಶಿವ ದೇವಾಲಯವೂ ಇರುವಾಗ ಇದು ಪಕ್ಷಪಾತವಾಗುವುದೆಂದು ಇನ್ನೊಂದು ಪಕ್ಷ ಎದ್ದು ನಿಂತಿತು. ಹರಿಹರರಲ್ಲಿ ಭೇದವಿಲ್ಲವೆಂಬ ತತ್ತ್ವವನ್ನು ಉಭಯ ಪಕ್ಷದವರೂ ಒಪ್ಪಿದರಾದರೂ ಫಲಕದ ಮೇಲೆ ಯಾವುದನ್ನು ಮೊದಲು ಬರೆಯತಕ್ಕದ್ದೆಂಬ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಫಲಕ ಸಿದ್ಧವಾಯಿತು, ಬಣ್ಣವೂ ಬಂದಿತು, ಹಾಗೆಯೇ ಬರಿದಾಗಿ ಉಳಿಯಿತು. ಕಡೆಗೆ ಯಾರದೋ ಕೊಟ್ಟಿಗೆಗೆ ಬಾಗಿಲಾಯಿತು.

ಮೂಲಪುರುಷರು ಶಾಲೆಯ ಡ್ರಿಲ್ ಮೇಷ್ಟ್ರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ ಅವರಿಗೆ ಕಬಡ್ಡಿ, ಖೊಖೊಗಳ ಮೇಲೆ ದ್ವೇಷವಿರಲಿಲ್ಲ. ಆದರೆ ಫುಟ್‌ಬಾಲಿನ ಮಾತು ಬಂದಿತೆಂದರೆ ಅವರ ದನಿಯೇ ಬೇರೆಯಾಗುತ್ತಿದ್ದಿತು. ಗೋರಾ ಪಲ್ಟನ್ನುಗಳು ತಮ್ಮ ಪಿತ್ರಾರ್ಜಿತವೆಂದೇ ತಿಳಿದಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಗೆ ಹೋಗಿ ಗೆದ್ದುಕೊಂಡು ಬಂದುದನ್ನು ಅವರು ಪುರಾಣಪ್ರವಚನದಂತೆ ವಿಸ್ತರಿಸುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ನಮ್ಮವರು 2–1ರಿಂದ ಸೋತರೂ ಸ್ವತಂತ್ರ ಭಾರತದ ಮೊದಲ ಗೋಲನ್ನು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್ ಎಂಬುದನ್ನೂ, ನಮ್ಮವರು ಅಂದು ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿದರೆಂಬುದನ್ನೂ ಹೇಳುವಾಗ ಅವರ ಕಣ್ಣು ತುಂಬಿಬರುತ್ತಿದ್ದಿತು. ಆ ತಂಡದ ಬಹುಮಂದಿ ಬರಿಗಾಲಿನಲ್ಲಿ ಆಡಿದರೆಂದು ಕೇಳಿದ ದಿನ ನಮ್ಮ ಉತ್ಸಾಹಕ್ಕೆ ಮೇರೆಯಿಲ್ಲದಾಯಿತು. ಏಕೆಂದರೆ ಒಲಿಂಪಿಕ್ಸಿಗೆ ಬೇಕಾದ ಆ ಒಂದು ಅರ್ಹತೆಯಾದರೂ ನಮ್ಮಲ್ಲಿ ಪ್ರತಿಯೊಬ್ಬನಿಗೂ ಜನ್ಮತಃ ಪ್ರಾಪ್ತವಾಗಿದ್ದಿತು. ಅದರ ಮೇಲೆ ನಮ್ಮ ಮೈಸೂರು ರಾಜ್ಯದ ತಂಡವು 1967–68ರಲ್ಲಿಯೂ ಮರುವರ್ಷವೂ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಇನ್ನು ಸಂಘ ಹುಟ್ಟದಿರುವುದಾದರೂ ಹೇಗೆ?

ಸಂಘ ಹುಟ್ಟಿತು, ಚೆಂಡಿರಲಿಲ್ಲ. ತಿಂಗಳಿಗೊಂದು ತೆಂಗಿನಕಾಯಿ ಚಂದಾ ಎಂದು ನಿರ್ಣಯವಾಯಿತು. ಕಾಯಿಗಳು ಸೇರಿದವು. ಅವನ್ನು ಒಡನೆಯೇ ಮಾರಿ ಚೆಂಡು ತರಬೇಕೆಂದು ಆಟಗಾರರು ಆತುರಪಟ್ಟರೆ, ಖಜಾಂಚಿಯ ತಂದೆ, ವ್ಯವಹಾರ ಬಲ್ಲ ಹಿರಿಯರು, ಜಗಲಿಯ ಮೇಲೆ ಕುಳಿತಲ್ಲಿಂದಲೇ ತಡೆದರು. “ಹಸಿಕಾಯ್ ಮಾರ್ತಾರೇನ್ರಲಾ ಯಾರಾದ್ರೂ? ಅಟ್ಟಕ್ ಹಾಕಿ. ಒಂದೊರ್ಷ ಬಿಟ್ರೆ ಉಂಡೆಕೊಬ್ಬರಿ ಆಯ್ತದೆ. ತಿಪಟೂರ್ನಾಗೆ ಎರಡರಷ್ಟು ದುಡ್ಡು.” ಈ ಅರ್ಥಶಾಸ್ತ್ರಕ್ಕೆ ಪ್ರತ್ಯುತ್ತರವಿರಲಿಲ್ಲ. ಸಂಘದ ಸಮಸ್ತ ಬಂಡವಾಳವೂ ಅಟ್ಟವೇರಿತು. ಅಧ್ಯಕ್ಷರು, ಉಪಾಧ್ಯಕ್ಷರು, ಗೌರವ ಕಾರ್ಯದರ್ಶಿಗಳು, ಹನ್ನೊಂದು ಮಂದಿ ಆಟಗಾರರು ಮತ್ತು ನಾನು, ಕಾಯೊಳಗಿನ ನೀರು ಇಂಗುವುದನ್ನೇ ಕಾಯುತ್ತ, ಆಗಾಗ ಏಣಿ ಹತ್ತಿ ಒಂದೊಂದನ್ನೇ ಕಿವಿಯ ಬಳಿ ಕುಲುಕಿ ನೋಡುತ್ತ ವರ್ಷವೊಂದನ್ನು ಕಳೆದೆವು. ಲೋಕದಲ್ಲಿ ಚೆಂಡೇ ಇಲ್ಲದೆ ಒಂದು ವರ್ಷ ಪೂರ್ತಿ ಅಜೇಯವಾಗಿ ಉಳಿದ ತಂಡ ನಮ್ಮದೊಂದೇ ಇರಬಹುದು.

ಕಡೆಗೆ ಬಂದಿತು ಚೆಂಡು. ಅದನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಸಾಗುವುದು ಕೃತಘ್ನತೆಯಾದೀತು. ಈಗಿನ ಹುಡುಗರು ಒದೆಯುವ ಹಗುರ ಚೆಂಡುಗಳ ಜಾತಿಗೆ ಅದು ಸೇರಿದುದಲ್ಲ. ಪಟ್ಟಿಪಟ್ಟಿಯಾಗಿ ಹೊಲಿದ ದಪ್ಪ ತೊಗಲಿನ ಕವಚ, ಅದರಲ್ಲೊಂದು ಸೀಳು, ಸೀಳಿನ ಒಳಗಿಂದ ಇಣುಕುವ ರಬ್ಬರು ಬ್ಲಾಡರಿನ ಮೂತಿ. ಮೂತಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಒಬ್ಬನು ಉಸಿರು ಬಿಗಿಹಿಡಿದು ಅದನ್ನು ಅದುಮಿರಲು ಮತ್ತೊಬ್ಬನು ದಾರದಿಂದ ಬಿಗಿದು, ಮಡಿಸಿ ಒಳಗೆ ತುರುಕಿ, ಮೇಲೆ ತೊಗಲಿನ ಲಾಡಿಯನ್ನು ರಂಧ್ರದಿಂದ ರಂಧ್ರಕ್ಕೆ ಪೋಣಿಸಿ ಎಳೆದು ಕಟ್ಟುವ ವೇಳೆಗೆ ಸಂಜೆಯ ಬೆಳಕಿನ ಕಾಲುಪಾಲು ಕಳೆದಿರುತ್ತಿದ್ದಿತು. ಆ ಲಾಡಿಯ ಗಂಟಿಗೆ ಹಣೆ ಕೊಟ್ಟವನು ಮರುದಿನ ಶಾಲೆಗೆ ಬಂದಾಗ ಅವನ ನೊಸಲಿನ ಮೇಲೆ ಯಾವ ಮಠದ ಮುದ್ರೆಗೂ ಸೇರದ ಮುದ್ರೆಯೊಂದು ಕಾಣುತ್ತಿದ್ದಿತು. ಆಟದ ಆರಂಭದಲ್ಲಿ ಚೆಂಡಿನ ತೂಕ 14ರಿಂದ 16 ಔನ್ಸ್ ಇರಬೇಕೆಂಬುದು ನಿಯಮ. ಮಳೆಯಲ್ಲಿ ನೆನೆದು ನೀರು ಕುಡಿದ ಮೇಲೆ ಎಷ್ಟಿರಬೇಕೆಂಬುದನ್ನು ಶಾಸ್ತ್ರಕಾರರು ಜಾಣತನದಿಂದ ಹೇಳದೆ ಬಿಟ್ಟಿರುವರು.

ಕೆರೆಯಂಗಳದಲ್ಲಿ ಜಾಲಿಮುಳ್ಳಿಗೆ ಬರವಿರಲಿಲ್ಲ. ಆದ್ದರಿಂದ ಸಂಘದ ನಿಜವಾದ ಆಧಾರಸ್ತಂಭಗಳು ಅಧ್ಯಕ್ಷ, ಉಪಾಧ್ಯಕ್ಷರಲ್ಲ. ಬ್ಲಾಡರಿಗೆ ತೇಪೆ ಹಾಕುತ್ತಿದ್ದ ಸೈಕಲ್ ಅಂಗಡಿಯವರು ಒಬ್ಬರು, ಕವಚದ ಹೊಲಿಗೆ ಬಿಟ್ಟಾಗ ಮೆಟ್ಟು ಹೊಲಿಯುವ ಉಳಿಯಿಂದ ಅದನ್ನು ಕೂಡಿಸಿಕೊಡುತ್ತಿದ್ದ ಅಜ್ಜ ಇನ್ನೊಬ್ಬರು. ಆ ಅಜ್ಜ ಎಂದೂ ಕಾಸು ಮುಟ್ಟಲಿಲ್ಲ. “ಬರೀ ಒದೀತೀರಲ್ಲೋ, ಹಳ್ಳೆಣ್ಣೆ ಹಚ್ಚೋಕೆ ನಿಮಗೇನಾಗದೆ ರೋಗ?” ಎಂದು ಬೈದು, ತಾವೇ ಹಚ್ಚಿ ಕೊಡುತ್ತಿದ್ದರು. ನಮ್ಮ ಆಟವನ್ನು ಅವರು ನೋಡಲು ಬಂದವರಲ್ಲ; ಚೆಂಡಿನ ಗಾಯಗಳನ್ನು ನೋಡಿಯೇ ಹಿಂದಿನ ದಿನದ ಆಟ ಹೇಗೆ ನಡೆಯಿತೆಂಬುದನ್ನು ಹೇಳಬಲ್ಲವರಾಗಿದ್ದರು.

ಒಮ್ಮೆ ಚೆಂಡು ತೋಟದ ಬಾವಿಗೆ ಬಿದ್ದಿತು. ಕುರುಕುಮಾರರ ಚೆಂಡು ಬಾವಿಗೆ ಬಿದ್ದಾಗ ದ್ರೋಣಾಚಾರ್ಯರು ಹುಲ್ಲಿನ ಕಡ್ಡಿಗಳನ್ನು ಒಂದರ ಬಾಲಕ್ಕೊಂದು ನಾಟಿ ಮೇಲೆತ್ತಿ ಹಸ್ತಿನಾವತಿಯಲ್ಲಿ ಗುರುಪದವಿಯನ್ನು ಸಂಪಾದಿಸಿದರು. ನಮ್ಮ ಮೇಷ್ಟ್ರು ಪಕ್ಕದ ಮನೆಯಿಂದ ಪಾತಾಳಗರಡಿಯನ್ನು ತರಿಸಿ ಬಾವಿಗೆ ಇಳಿಬಿಟ್ಟರು. ಮೊದಲು ಎರಡು ಕೊಡಪಾನಗಳು ಬಂದವು, ಅನಂತರ ಊರಿನಲ್ಲಿ ಬಹಳ ದಿನದಿಂದ ಕಳ್ಳತನದ ಅಪವಾದಕ್ಕೆ ಕಾರಣವಾಗಿದ್ದ ತಾಮ್ರದ ಚೊಂಬೊಂದು ಬಂದಿತು. ಚೆಂಡು ಮಾತ್ರ, ನೀರಿನ ಮೇಲೆಯೇ ತೇಲುತ್ತಿದ್ದುದರಿಂದ, ಗರಡಿಗೆ ಸಿಕ್ಕಲಿಲ್ಲ. ಅಂದಿನಿಂದ ಊರಿನ ಹೆಂಗಸರಿಗೆ ಸಂಘದ ಮೇಲೆ ಗೌರವವುಂಟಾಯಿತು.

ನಿಯಮಗಳಲ್ಲಿ ಉಳಿದವೆಲ್ಲ ನಮ್ಮವರಿಗೆ ಸುಲಭವಾಗಿ ಕರಗತವಾಗಿದ್ದವು. ಆಫ್‌ಸೈಡ್ ಒಂದು ಮಾತ್ರ ಜೀರ್ಣವಾಗಲಿಲ್ಲ. 1925ರಲ್ಲಿ ಆಟದ ಶಾಸ್ತ್ರಕಾರರು ಆ ನಿಯಮವನ್ನು ಸಡಿಲಿಸಿ, ಆಟಗಾರನ ಮುಂದೆ ಮೂವರು ಎದುರಾಳಿಗಳಿರಬೇಕೆಂದಿದ್ದುದನ್ನು ಇಬ್ಬರಿದ್ದರೆ ಸಾಕೆಂದು ಮಾಡಿದರೆಂದು ಮೇಷ್ಟ್ರು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ಎಷ್ಟು ವಿವರಿಸಿದರೂ ಪ್ರಯೋಜನವಾಗಲಿಲ್ಲ. ಅರಳಿಕಟ್ಟೆಯ ಮೇಲೆ ಈ ವ್ಯಾಜ್ಯ ಬಂದಾಗ ಊರಿನ ಹಿರಿಯರೊಬ್ಬರು ಕೇಳಿದರು: “ಅಲ್ಲಾ ಮೇಷ್ಟ್ರೇ, ಎಲ್ಲಾರ್‌ಗಿಂತ ಮುಂಚೆ ಹೋಗಿ ಕಾಯ್ಕೊಂಡು ನಿಂತಿದ್ದು ತೆಪ್ಪು ಅಂದ್ರೆ, ಬಸ್ಸಿಗೆ ಹೋಗೋರ ಗತಿ ಏನು?” ತಿಪಟೂರು–ಚನ್ನರಾಯಪಟ್ಟಣದ ರಸ್ತೆಯಲ್ಲಿ ಬಸ್ಸಿಗಾಗಿ ಕಾದು ಬಲ್ಲ ಆ ಸಭೆಯು ಆಫ್‌ಸೈಡನ್ನು ಅಂದೇ ಸರ್ವಾನುಮತದಿಂದ ರದ್ದು ಮಾಡಿತು.

ಇನ್ನು ದೊಡ್ಡ ಪಂದ್ಯದ ವಿಷಯ. ಎದುರಾಳಿಗಳು ನೆರೆಯೂರಿನವರು, ನೆಂಟಸ್ತನಗಳಿರುವುದರಿಂದ ಊರ ಹೆಸರನ್ನು ಹೇಳುವುದಿಲ್ಲ. ಮುಸ್ಸಂಜೆಯ ತನಕ ಎರಡೂ ಕಡೆ ಗೋಲಾಗಲಿಲ್ಲ. ಆಮೇಲೆ ನಮ್ಮವನೊಬ್ಬನು ಬೀಸಿ ಒದೆದಾಗ ಹಳೆಯ ಹೊಲಿಗೆ ಹರಿದು, ಕವಚವು ಗೋಲುಗಂಬದ ಒಳಗೂ, ಬ್ಲಾಡರು ಹೊರಗೂ ಹೋದವು. ಕವಚವೇ ಚೆಂಡೆಂದು ನಾವು. ಗಾಳಿಯಿರುವುದೇ ಚೆಂಡೆಂದು ಅವರು. ದೇಹವೋ ಆತ್ಮವೋ ಎಂಬ ಈ ಪ್ರಾಚೀನ ವಿವಾದವನ್ನು ಆಚಾರ್ಯರುಗಳೇ ಒಮ್ಮತಕ್ಕೆ ತರಲಾರದೆ ಹೋಗಿರುವಾಗ ನಮ್ಮ ಡ್ರಿಲ್ ಮೇಷ್ಟ್ರು ಶಿಳ್ಳೆ ಊದಿ ಏನು ತಾನೇ ಮಾಡಿಯಾರು? ಅವರು ಮರುವರ್ಷ ವರ್ಗವಾಗಿ ಹೋದರು. ವಾಲಿಬಾಲಿನ ಬಲೆ ಬಂದಿತು. 1983ರ ಬಳಿಕ ಕ್ರಿಕೆಟ್ ಬಂದಿತು. ಸಂಘವನ್ನು ವಿಸರ್ಜಿಸಲು ಸಭೆ ಸೇರಬೇಕಾಗಿದ್ದಿತು, ಕೋರಂ ಆಗಲಿಲ್ಲ.

ಹಳ್ಳಿಗಾಡಿನಲ್ಲಿ ಈ ಆಟ ನೆಲೆನಿಲ್ಲುವುದಿಲ್ಲವೆಂದು ಇದರಿಂದ ಯಾರೂ ಊಹಿಸಬಾರದು. ನೆರೆಯ ಕೊಡಗಿನ ಸುಂಟಿಕೊಪ್ಪ ಮಹಾನಗರವೇನಲ್ಲ. ಅಲ್ಲಿಯ ಬ್ಲೂ ಬಾಯ್ಸ್ ಯುವಕ ಸಂಘದವರು ಡಿ. ಶಿವಪ್ಪನವರ ಸ್ಮಾರಕವಾಗಿ ಗೋಲ್ಡ್ ಕಪ್ ಪಂದ್ಯಾವಳಿಯನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿರುವರು. ಹಾಕಿಗೆ ಹೆಸರಾದ ಜಿಲ್ಲೆಯಲ್ಲಿ ಫುಟ್‌ಬಾಲಿಗೆ ಜನ ಸೇರಿಸುವುದು ಸಾಮಾನ್ಯವಲ್ಲ. ಅವರಿಗೂ ನಮಗೂ ಇರುವ ವ್ಯತ್ಯಾಸವು ಕಾಲ್ಬಲದ್ದಲ್ಲವೆಂದೇ ನನ್ನ ಅಭಿಪ್ರಾಯ: ಅವರು ತಮ್ಮ ಸಂಘಕ್ಕೆ ಮೊದಲು ಹೆಸರಿಟ್ಟರು, ನಾವು ವಾದಕ್ಕೆ ಕುಳಿತೆವು.

2023ರ ಮಾರ್ಚಿನಲ್ಲಿ ಕರ್ನಾಟಕ ತಂಡವು ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮರಳಿ ತಂದಾಗ, ಪತ್ರಿಕೆಯನ್ನು ನಮ್ಮ ಮಾಜಿ ಗೋಲಿಗೆ ಓದಿ ಹೇಳಿದೆನು. ಅವನು ಕಾಫಿ ಲೋಟವನ್ನು ಕೆಳಗಿಟ್ಟು, “ಹಂಗಾದ್ರೆ ನಮ್ದೂ ಸುರು ಮಾಡಬೋದು ಕಣಣ್ಣ, ಪಂಪು ಒಂದಿದ್ರೆ” ಎಂದನು. ಸಂಘದ ಆ ಹಿತ್ತಾಳೆಯ ಪಂಪನ್ನು ಯಾರೋ ಮದುವೆ ದಿಬ್ಬಣದ ಸೈಕಲ್ಲಿಗೆಂದು ಎರವಲು ಒಯ್ದವರು ಇನ್ನೂ ಹಿಂದಿರುಗಿಸಿಲ್ಲ. ಆ ಮದುವೆಯ ಮೊಮ್ಮಕ್ಕಳು ಈಗ ಒದೆಯುವ ವಯಸ್ಸಿಗೆ ಬಂದಿರಬೇಕು. ಈ ಪ್ರಬಂಧವು ಆ ಮನೆಯವರ ಕಣ್ಣಿಗೆ ಬಿದ್ದರೆ, ಅಟ್ಟದಲ್ಲಿ ಒಮ್ಮೆ ಹುಡುಕಿಸಿ, ನುಗ್ಗೇಹಳ್ಳಿ ಬಸ್ ನಿಲ್ದಾಣದ ಬಳಿ ಯಾರ ಕೈಗಾದರೂ ಕೊಟ್ಟು ಕಳುಹಿಸಬೇಕಾಗಿ ಪ್ರಾರ್ಥನೆ, ಬಾಡಿಗೆ ಕೇಳುವುದಿಲ್ಲ.