ರೀಲ್ ಮೀಮಾಂಸೆ: ದಟ್ಟ ಕಳೆಯಲ್ಲಿ ಬಾಸ್ ಹಿಡಿಯುವವರಿಗೆ

ಕಳೆ ತುಂಬಿದ ನೀರಿನಲ್ಲಿ ಬಾಸ್ ಮೀನು ಹಿಡಿಯಲು ತಕ್ಕ ಸ್ಪಿನ್ನಿಂಗ್ ರೀಲನ್ನು ಆರಿಸುವ ವಿದ್ಯೆಗೆ, ಉಳಿದ ಶಾಸ್ತ್ರಗಳಿಗೆ ಇರುವಂತೆಯೇ, ನಾಲ್ಕು ಅನುಬಂಧಗಳಿವೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ ರೀಲು. ಪ್ರಯೋಜನದ ವಿಚಾರ ಕೊನೆಗೆ ಬರುತ್ತದೆ; ಅಷ್ಟು ಹೊತ್ತಿಗೆ ಓದುಗನಿಗೂ ಅದರ ಬಗ್ಗೆ ಸಂದೇಹ ಮೂಡಿರುತ್ತದೆ. ಸಂಬಂಧವೆಂದರೆ ರೀಲಿಗೂ ತಿಂಗಳ ಸಂಬಳಕ್ಕೂ ಇರುವಂಥದು. ಅಧಿಕಾರಿಯೆಂದರೆ ಮನೆಯಲ್ಲಿ ನಾಲ್ಕು ರೀಲುಗಳಿದ್ದು, ಐದನೆಯದು ಬಂದ ದಿನ ಮೀನು ತಾನಾಗಿ ಒದಗುತ್ತದೆಂಬ ಶ್ರದ್ಧೆಯುಳ್ಳವನು. ರೀಲೇ ಇಲ್ಲದವನಿಗೆ ಇಲ್ಲಿ ಪ್ರವೇಶವಿಲ್ಲ. ಅಂಥವನು ಅಂಗಡಿಗೆ ಹೋಗಿ, ಎದುರಿಗೆ ಕಂಡದ್ದನ್ನು ಕೊಂಡು, ಅದೇ ಸಂಜೆ ಮೀನು ಹಿಡಿದು, ಶಾಸ್ತ್ರದ ಅಗತ್ಯವನ್ನೇ ಕೆಡಿಸಿಬಿಡುವ ಅಪಾಯವುಂಟು.

ದೊಡ್ಡಬಾಯಿಯ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಹೆಸರು ಬಾಸ್ ಆದರೂ ಕುಲದಿಂದ ಅದು ಸನ್‌ಫಿಶ್ ಬಳಗದ್ದು. ಈ ಬಾಸ್ ಪಂಗಡದ ಕುರಿತ ಪಾಂಡಿತ್ಯ ಶುರುವಾದದ್ದೇ ಒಂದು ಹರಿದ ರೆಕ್ಕೆಯಿಂದ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲಾಸೆಪೇಡ್‌ಗೆ ಸಿಕ್ಕ ಸಣ್ಣಬಾಯಿಯ ಬಾಸಿನ ಮಾದರಿಯಲ್ಲಿ ಬೆನ್ನಿನ ರೆಕ್ಕೆ ತುಂಡಾಗಿತ್ತು. ತುಂಡನ್ನು ಬೇರೆಯೇ ಪುಟ್ಟ ರೆಕ್ಕೆಯೆಂದು ಬಗೆದ ಆತ 1802ರಲ್ಲಿ ಅದರ ಆಧಾರದ ಮೇಲೆ ಹೊಸ ಪಂಗಡವನ್ನೇ ಸ್ಥಾಪಿಸಿದ. ಅಂದಿನಿಂದ ಈ ಮೀನಿನ ವಿಚಾರದಲ್ಲಿ ಸಣ್ಣ ಸಾಕ್ಷ್ಯದಿಂದ ದೊಡ್ಡ ಸಿದ್ಧಾಂತ ಕಟ್ಟುವ ಪರಂಪರೆ ಅವಿಚ್ಛಿನ್ನವಾಗಿ ನಡೆದುಬಂದಿದೆ. ಜಾರ್ಜಿಯಾ ರಾಜ್ಯದ ಮಾಂಟ್‌ಗೊಮರಿ ಲೇಕ್‌ನಲ್ಲಿ 1932ರ ಜೂನ್ 2ರಂದು ಜಾರ್ಜ್ ಪೆರಿ ಹಿಡಿದ ಬಾಸಿನ ತೂಕ 22 ಪೌಂಡ್ 4 ಔನ್ಸ್. 2009ರ ಜುಲೈ 2ರಂದು ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು 10.12 ಕೆಜಿ, ಅಂದರೆ ಅದಕ್ಕಿಂತ ಸುಮಾರು ಒಂದು ಔನ್ಸ್ ಹೆಚ್ಚು. ಹಳೆಯ ದಾಖಲೆ ಮುರಿಯಲು ಎರಡು ಔನ್ಸಾದರೂ ಹೆಚ್ಚಿರಬೇಕೆಂಬುದು ನಿಯಮ. ಆದ್ದರಿಂದ ಎಪ್ಪತ್ತೇಳು ವರ್ಷಗಳ ಅಂತರದ ಈ ಇಬ್ಬರೂ ದಾಖಲೆಯನ್ನು ಸಮವಾಗಿ ಹಂಚಿಕೊಂಡಿದ್ದಾರೆ. 10.12 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ಕಳೆ. ಫ್ಲಾರಿಡಾದ ಓಕಿಚೋಬಿ ಸರೋವರ ಸುಮಾರು 1,900 ಚದರ ಕಿಲೋಮೀಟರ್ ಹರಡಿಕೊಂಡಿದ್ದರೂ ಆಳ ಕಡಿಮೆ. ಅಂಚಿನುದ್ದಕ್ಕೂ ಜೊಂಡು, ನೈದಿಲೆಯಂಥ ತೇಲೆಲೆ, ನೀರೊಳಗಿನ ಬಳ್ಳಿ. ಇವುಗಳಲ್ಲಿ ಹೈಡ್ರಿಲಾ ಎಂಬುದು ಕನ್ನಡ ಶಾಲೆಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಪರಿಚಿತ. ಬೀಕರಿನಲ್ಲಿ ಕವುಚಿಟ್ಟ ಆಲಿಕೆಯ ಕೆಳಗೆ ಕುಳಿತು, ಗುಳ್ಳೆ ಬಿಡುತ್ತ, ದ್ಯುತಿಸಂಶ್ಲೇಷಣೆಗೆ ಸಾಕ್ಷಿ ಹೇಳುವ ಗಿಡ ಅದೇ. ನಮ್ಮಲ್ಲಿ ಐದು ಅಂಕಕ್ಕೆ ಬರುವ ಈ ಸಾಧು ಸಸ್ಯ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿ, ಕಾಲುವೆಗಳನ್ನೂ ಕೆರೆಗಳನ್ನೂ ಕಟ್ಟಿಹಾಕಿತು. ಬಾಸ್ ಅದರ ನೆರಳಿನಲ್ಲಿ ಹೊಂಚುಹಾಕುತ್ತದೆ. ಗಾಳದ ರಬ್ಬರ್ ಹುಳುವನ್ನು ಕಚ್ಚಿದೊಡನೆ ಬಂದ ದಾರಿಯಲ್ಲೇ ತಿರುಗಿ ಬಳ್ಳಿಯೊಳಗೆ ನುಗ್ಗುತ್ತದೆ. ಮೀನುಗಾರನ ಪಾಲಿಗೆ ಉಳಿಯುವುದು ಎರಡು ಮೂರು ಸೆಕೆಂಡು. ಈ ಶಾಸ್ತ್ರದ ಸಮಸ್ತ ವಾದವಿವಾದವೂ ಆ ಎರಡು ಮೂರು ಸೆಕೆಂಡಿಗೆ ಸಂಬಂಧಿಸಿದ್ದು.

ಸಂಶಯ ಹುಟ್ಟುವುದು ಇಲ್ಲಿ: ಇಂಥ ಜಾಗದಲ್ಲಿ ಸ್ಪಿನ್ನಿಂಗ್ ರೀಲು ಬೇಕೇ? ಬೇಡವೆಂಬುದು ಪೂರ್ವಪಕ್ಷ, ಮತ್ತು ಅದು ಪ್ರಬಲವಾದದ್ದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ರೂಪಿಸಿದ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಸ್ಪೂಲೇ ತಿರುಗುತ್ತದೆ. ದಾರ ನೇರವಾಗಿ ಬಂದು ಸುತ್ತಿಕೊಳ್ಳುತ್ತದೆ. ಇಂಗ್ಲೆಂಡಿನ ಜವಳಿ ಉದ್ಯಮಿ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ ರೀಲಿನ ವಂಶಕ್ಕೆ ಸೇರಿದ ಸ್ಪಿನ್ನಿಂಗ್ ರೀಲಿನಲ್ಲಾದರೋ ಸ್ಪೂಲು ಸುತ್ತದೆ ನಿಲ್ಲುತ್ತದೆ, ದಾರವೇ ಅದರ ಸುತ್ತ ಪ್ರದಕ್ಷಿಣೆ ಬರುತ್ತದೆ. ಪ್ರದಕ್ಷಿಣೆಗೆ ಹೊರಡುವ ಮೊದಲು ಸಣ್ಣ ರೋಲರಿನ ಮೇಲೆ ಲಂಬಕೋನದಲ್ಲಿ ಮಡಿಯಬೇಕು. ಭಾರ ಎಳೆಯುವಾಗ ಶಕ್ತಿ ಸೋರಿಹೋಗುವುದು ಆ ಮಡಿಕೆಯಲ್ಲಿ. ದಾರಕ್ಕೆ ತಿರುಚು ಬೀಳುವುದೂ ಈ ರಚನೆಯ ಪಾಪವೇ. ಪೊದೆಯ ಪಕ್ಕದಲ್ಲೇ ಗಾಳ ಇಳಿಬಿಟ್ಟು ಕಿತ್ತೆಳೆಯುವ ಫ್ಲಿಪ್ಪಿಂಗ್ ವಿಧಾನವನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೀ ಥಾಮಸ್ ಪ್ರಸಿದ್ಧಿಗೆ ತಂದ ಮೇಲಂತೂ ಕಳೆಯ ನೀರು ಬೇಟ್‌ಕಾಸ್ಟರಿನ ಸ್ವಂತ ಸೀಮೆಯೆಂದೇ ಗಣನೆಗೆ ಬಂತು.

ಉತ್ತರಪಕ್ಷ ಇದನ್ನೆಲ್ಲ ಒಪ್ಪಿಕೊಂಡು, ಒಂದು ಬಾಗಿಲನ್ನು ಮಾತ್ರ ತೆರೆದಿಡುತ್ತದೆ. ಏಳು ಗ್ರಾಮಿಗಿಂತ ಹಗುರವಾದ ಹುಳುವಿಗೆ ಸಾಮಾನ್ಯ ಬೇಟ್‌ಕಾಸ್ಟರಿನ ಸ್ಪೂಲನ್ನು ತಿರುಗಿಸುವಷ್ಟು ಬಲವಿರುವುದಿಲ್ಲ. ಎದುರುಗಾಳಿ ಇದ್ದರೆ ಹುಳು ನಿಂತುಹೋಗಿ, ಸ್ಪೂಲು ತಿರುಗುತ್ತಲೇ ಇದ್ದು, ದಾರ ಗೋಜಲಾಗುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಿ ದಾರ ಸ್ಪೂಲಿನ ಅಂಚಿನಿಂದ ತಾನಾಗಿ ಉದುರುವುದರಿಂದ ಈ ಬಾಧೆಯಿಲ್ಲ. ದೋಣಿಕಟ್ಟೆಯ ಹಲಗೆಗಳ ಅಡಿಗೆ, ಬಾಗಿದ ಕೊಂಬೆಗಳ ಕೆಳಗೆ, ಹುಳು ನೀರಿನ ಮೇಲೆ ಜಿಗಿಜಿಗಿದು ನುಗ್ಗುವಂತೆ ಎಸೆಯಬೇಕಾದಾಗ ಇದರ ಸಮಕ್ಕೆ ಬೇರೊಂದಿಲ್ಲ. ಹೀಗಾಗಿ ನಿರ್ಣಯ: ಹಗುರ ಗಾಳ, ಇಕ್ಕಟ್ಟಾದ ಕಂಡಿ, ಎದುರುಗಾಳಿ ಇವು ಕೂಡಿದಲ್ಲಿ ಸ್ಪಿನ್ನಿಂಗ್ ರೀಲಿಗೆ ಅಧಿಕಾರವುಂಟು. ಚಾಪೆಗಟ್ಟಿದ ಹೈಡ್ರಿಲಾದ ನಡುವೆ ಇಲ್ಲ. ಅಲ್ಲಿಯೂ ಇದೆಯೆನ್ನುವವರು ಈಗಾಗಲೇ ಕೊಂಡುಬಿಟ್ಟವರು.

ಕೊಳ್ಳುವುದೇ ನಿಶ್ಚಯವಾದರೆ ಮೊದಲ ಪ್ರಶ್ನೆ ಗಾತ್ರ. 2500, 3000, 4000 ಎಂಬ ಸಂಖ್ಯೆಗಳು ಗ್ರಾಮೂ ಅಲ್ಲ, ಮಿಲಿಮೀಟರೂ ಅಲ್ಲ, ಅವು ಸ್ವಯಂಭೂ. ಕೆಲವು ತಯಾರಕರ 3000 ಎಂದರೆ 2500ರ ದೇಹಕ್ಕೆ ಆಳದ ಸ್ಪೂಲು ತೊಡಿಸಿದ್ದಷ್ಟೆ. ಅಂಥಲ್ಲಿ ಹೆಚ್ಚು ದಾರ ಬರುತ್ತದೆ, ಹೆಚ್ಚು ಬಲ ಬರುವುದಿಲ್ಲ. ಕಳೆಯ ಕೆಲಸಕ್ಕೆ ದೊಡ್ಡ ಗೇರಿನ ದೇಹ ಬೇಕು, ಆದ್ದರಿಂದ 4000 ಎಂಬುದು ಶಿಷ್ಟಮತ. ದೇಹ ಲೋಹದ್ದಾಗಿರಲಿ. ಗ್ರಾಫೈಟಿನ ಅಗ್ಗದ ದೇಹ ಜಗ್ಗಾಟದಲ್ಲಿ ಕೊಂಚ ಬಾಗುತ್ತದೆ, ಬಾಗಿದೊಡನೆ ಒಳಗಿನ ಗೇರುಗಳ ಹಲ್ಲುಗಳಿಗೆ ಪರಸ್ಪರ ಪರಿಚಯ ತಪ್ಪುತ್ತದೆ.

ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ಸ್ಪೂಲು ಎಷ್ಟು ಬಿಗಿಯಲ್ಲಿ ದಾರ ಬಿಟ್ಟುಕೊಡಬೇಕೆಂದು ನಿಶ್ಚಯಿಸುವ ತಡೆ, ಈ ಶಾಸ್ತ್ರದ ಹೃದಯಭಾಗ. 4000 ಗಾತ್ರದ ಹಲವು ರೀಲುಗಳ ಪೆಟ್ಟಿಗೆಯ ಮೇಲೆ 11 ಕೆಜಿ ಎಂದು ಅಚ್ಚಾಗಿರುತ್ತದೆ. ವಿಶ್ವದಾಖಲೆಯ ಮೀನು 10.12 ಕೆಜಿ. ಎಂದರೆ ಪೆರಿಯ ಮೀನನ್ನೋ ಕುರಿತಾನ ಮೀನನ್ನೋ ನೀರಿನಿಂದ ಎತ್ತಿ ಗಾಳಿಯಲ್ಲಿ ತೂಗುಬಿಟ್ಟರೂ ಸ್ಪೂಲು ಮಿಸುಕಬಾರದು. ಇನ್ನೂ ಹುಟ್ಟದ ಮೀನಿಗಾಗಿ ಮಾಡಿದ ಈ ಸಿದ್ಧತೆಯನ್ನು ವ್ಯರ್ಥವೆನ್ನುವಂತಿಲ್ಲ. ಬಯಲು ನೀರಿನಲ್ಲಿ ದಾರದ ತಾಳಿಕೆಯ ಕಾಲು ಅಥವಾ ಮೂರನೇ ಒಂದು ಪಾಲಿಗೆ ಡ್ರ್ಯಾಗ್ ಹೊಂದಿಸುವುದು ರೂಢಿ. ಕಳೆಯಲ್ಲಿ ಹಾಗೆ ಬಿಟ್ಟುಕೊಟ್ಟರೆ ಮೀನು ಬಳ್ಳಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಎಳೆಯಬೇಕಾದದ್ದು ಎರಡು ಕಿಲೊ ಬಾಸ್ ಮತ್ತು ಅದರ ಮೂರರಷ್ಟು ಸೊಪ್ಪು. 11 ಕೆಜಿ ಸೊಪ್ಪಿಗೆ.

ಗೇರಿನ ಅನುಪಾತ 6.2:1 ಎಂದರೆ ಹಿಡಿಕೆ ಒಂದು ಸುತ್ತು ಬಂದಾಗ, ದಾರವನ್ನು ಸ್ಪೂಲಿಗೆ ಸುತ್ತುವ ರೋಟರು 6.2 ಸುತ್ತು ಬರುತ್ತದೆ. ಸ್ಪೂಲಿನ ವ್ಯಾಸ 5 ಸೆಂಟಿಮೀಟರಾದರೆ ಸುತ್ತಳತೆ 15.7, ಗುಣಿಸಿದರೆ ಸುತ್ತಿಗೆ ಸುಮಾರು 97 ಸೆಂಟಿಮೀಟರ್ ದಾರ ಒಳಬರುತ್ತದೆ. ಸಡಿಲ ದಾರ ಬಳಿದುಕೊಳ್ಳಲು ಇಷ್ಟು ವೇಗ ಸಾಕು. ಮೀನನ್ನು ಮೇಲೆತ್ತುವ ಕೆಲಸ ರಾಡಿನದು. ಹಿಡಿಕೆ ತಿರುಗಿಸಿಯೇ ಬಳ್ಳಿಯಿಂದ ಬಿಡಿಸುತ್ತೇನೆನ್ನುವವನು ಗೇರಿನ ಜೊತೆ ಮಣಿಕಟ್ಟನ್ನೂ ಕಳೆದುಕೊಳ್ಳುತ್ತಾನೆ.

ಬೇರಿಂಗುಗಳನ್ನು 10+1 ಎಂದು ಬರೆಯುವ ಪದ್ಧತಿಯಿದೆ, ಹನ್ನೊಂದೆಂದು ಕೂಡಿಸುವುದಿಲ್ಲ. ಕಂಪನಿಯವರಿಗೆ ಲೆಕ್ಕ ಬಾರದೆಂದಲ್ಲ. ಪ್ಲಸ್ಸಿನ ಆಚೆಗಿರುವುದು ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಏಕಮುಖ ರೋಲರ್ ಬೇರಿಂಗ್. ಕೊಕ್ಕೆ ಬಲವಾಗಿ ಎಳೆದ ಕ್ಷಣ ಪೆಟ್ಟು ತಿನ್ನುವುದು ಅದೇ. ಅದು ಜಾರಿದರೆ ಉಳಿದ ಹತ್ತೂ ನಯವಾಗಿ ತಿರುಗುತ್ತ ಮೀನನ್ನು ಬೀಳ್ಕೊಡುತ್ತವೆ. ಬೆಲೆ ನಿಗದಿಯಾಗುವುದು ಹತ್ತರ ಮೇಲೆ.

ದಾರ ಹೆಣೆದದ್ದೇ ಆಗಬೇಕು, 30 ಪೌಂಡಿಗೆ ಕಡಿಮೆಯಿರಬಾರದು. ಬರಿ ಸ್ಪೂಲಿಗೆ ಹೆಣೆದ ದಾರ ಸುತ್ತಿದರೆ ಇಡೀ ಸುತ್ತೇ ಜಾರುತ್ತದೆ, ಡ್ರ್ಯಾಗ್ ಕೆಟ್ಟಿತೆಂಬ ಭ್ರಮೆ ಹುಟ್ಟುತ್ತದೆ. ಅಡಿಯಲ್ಲಿ ಒಂದಷ್ಟು ಮಾನೊಫಿಲಮೆಂಟ್, ಅಂದರೆ ಒಂಟಿ ಎಳೆಯ ದಾರ, ಸುತ್ತಿದರೆ ಈ ಭ್ರಮೆ ನಿವಾರಣೆಯಾಗುತ್ತದೆ. ಹಾಗಾದ ಮೇಲೆ ಹೊಸ ರೀಲು ಕೊಳ್ಳಲು ಬೇರೆ ಕಾರಣ ಹುಡುಕಬೇಕು.

ಒಂದು ರೀಲು ಇನ್ನೊಂದಕ್ಕಿಂತ ಮೇಲೆಂದು ತಿಳಿಯಲು ಪ್ರಮಾಣವೇನು? ಪ್ರತ್ಯಕ್ಷದಿಂದ ಸಿಗುವುದು ಹಿಡಿದ ಮೀನು, ಸಾಮಾನ್ಯವಾಗಿ ಒಂದು ಕಿಲೊ. ತಪ್ಪಿಸಿಕೊಂಡ ಮೀನು ಅನುಮಾನಕ್ಕೆ ಗೋಚರ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಎಲ್ಲೆಲ್ಲಿ ಹರಿದ ದಾರವೋ ಅಲ್ಲಲ್ಲಿ ದಾಖಲೆಯ ಬಾಸ್. ಶಬ್ದಪ್ರಮಾಣವೆಂದರೆ ಕ್ಯಾಟಲಾಗು, ಅದು ಪ್ರತಿವರ್ಷ ಪರಿಷ್ಕರಣೆಗೊಳ್ಳುವುದರಿಂದ ಅಪೌರುಷೇಯವೆನ್ನಲು ಬರುವುದಿಲ್ಲ. ಭಾಟ್ಟ ಮೀಮಾಂಸಕರು ಹೇಳುವ ಅನುಪಲಬ್ಧಿ, ಎಂದರೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು, ಮೀನುಗಾರರಿಗೆ ಅತ್ಯಂತ ಅಭ್ಯಾಸವಾದ ಪ್ರಮಾಣ. ಸಂಜೆ ದೋಣಿಯ ತೊಟ್ಟಿಯೊಳಗೆ ಇಣುಕಿದಾಗ ಅದು ಕೆಲಸ ಮಾಡುತ್ತದೆ.

ಬಾಕಿಯಿದ್ದ ಪ್ರಯೋಜನ ಈಗ ಪ್ರಾಪ್ತ. ಬಾಸ್ ಸ್ಪರ್ಧೆಗಳನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ರೇ ಸ್ಕಾಟ್ 1970ರ ದಶಕದಲ್ಲಿ ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯನ್ನು ತನ್ನ ಸ್ಪರ್ಧೆಗಳಲ್ಲಿ ತಂದ. ಇಂದು ಬಹುತೇಕ ಬಾಸ್ ಮೀನುಗಾರರ ಆಚಾರ ಅದೇ. 4000 ಗಾತ್ರ, ಲೋಹದ ದೇಹ, 11 ಕೆಜಿ ಡ್ರ್ಯಾಗ್, 10+1 ಬೇರಿಂಗುಗಳ ಬಲದಿಂದ ಬಳ್ಳಿಯೊಳಗಿಂದ ಹೊರತೆಗೆದ ಮೀನನ್ನು ಅದೇ ಬಳ್ಳಿಯ ಬುಡಕ್ಕೆ ಬಿಡಲಾಗುತ್ತದೆ. ದೃಷ್ಟಫಲ ಕಾಣದ ಕರ್ಮಕ್ಕೆ ಅದೃಷ್ಟಫಲವನ್ನು ಕಲ್ಪಿಸಬೇಕೆಂಬುದು ಮೀಮಾಂಸೆಯ ನ್ಯಾಯ. ಇಲ್ಲಿಯೂ ಹಾಗೆಯೇ ಕಲ್ಪಿಸತಕ್ಕದ್ದು.

ಉಳಿದದ್ದು ಒಂದು ವಿಧಿ. ದಿನದ ಕೊನೆಗೆ ರೋಲರಿಗೆ ಸಿಕ್ಕಿಕೊಂಡ ಸೊಪ್ಪು ಬಿಡಿಸಿ, ಡ್ರ್ಯಾಗಿನ ತಿರುಪನ್ನು ಸಡಿಲಿಸಿಡಬೇಕು. ಬಿಗಿಯಾಗಿಯೇ ಬಿಟ್ಟರೆ ಒಳಗಿನ ಫೆಲ್ಟ್ ಬಿಲ್ಲೆಗಳು ಅಮುಕಿ ಗಟ್ಟಿಯಾಗುತ್ತವೆ. ಇದಕ್ಕೆ ಪೂರ್ವಪಕ್ಷವಿಲ್ಲ. ಆದ್ದರಿಂದಲೇ ಪಾಲಿಸುವವರೂ ಕಡಿಮೆ.