ದೋಟಿ ಹಿಡಿದವರ ಭಾನುವಾರ

ನಮ್ಮ ಮಲೆನಾಡಿನಲ್ಲಿ ದೋಟಿ ಅಂದರೆ ಮಾವಿನಕಾಯಿ ಕೊಯ್ಯುವ ಕೋಲು, ತುದಿಗೊಂದು ಬಲೆಚೀಲ. ಮೇರಿಲ್ಯಾಂಡಿನ ಮಗಳ ಮನೆಗೆ ಹೋಗಿದ್ದಾಗ ಪಕ್ಕದ ಮನೆಯಾತ ಭಾನುವಾರ ಬೆಳಗ್ಗೆ ಅಂಥದೇ ಒಂದನ್ನು ಕಾರಿಗೆ ತುರುಕುತ್ತಿದ್ದ. ಇಲ್ಲೆಲ್ಲಪ್ಪಾ ಮಾವಿನಮರ ಎಂದು ಸುತ್ತ ನೋಡಿದೆ.

"ಅಪ್ಪಾ, ಅದು ಲ್ಯಾಕ್ರೋಸ್ ಆಡೋ ಕೋಲು, ಬಲೇಲಿ ಚೆಂಡು ಹಿಡಿದು ಗೋಲಿಗೆ ಎಸೀತಾರೆ" ಎಂದು ಮಗಳು ನಕ್ಕಳು.

ಮಡಚುವ ಕುರ್ಚಿ ಹಿಡಿದು ನಾನೂ ಹೋದೆ. ಕಾಲೇಜು ಮುಗಿಸಿದ ಗಂಡಸರ ಲೀಗಂತೆ. ಮುಗಿಸಿ ಎಷ್ಟು ವರ್ಷವಾಯಿತೆಂದು ಹೊಟ್ಟೆಗಳೇ ಹೇಳುತ್ತಿದ್ದವು. ತಂಡಕ್ಕೆ ಹತ್ತು ಜನ; ಹತ್ತನೆಯವನು, ಅಂದರೆ ಗೋಲ್‌ಕೀಪರ್, ಇನ್ನೂ ಬಂದಿರಲಿಲ್ಲ. ಮಗುವಿಗೆ ಜ್ವರ. ಅವನ ಜಾಗಕ್ಕೆ ನಿಲ್ಲಲು ಯಾರೂ ಒಲ್ಲರು. ಚೆಂಡು ಮುಟ್ಟಿದಾಗ ಕಾರಣ ತಿಳಿಯಿತು: ಗಟ್ಟಿ ರಬ್ಬರು, ಸುಮಾರು 145 ಗ್ರಾಂ ತೂಕ.

ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದು. ಹೌಡೆನೊಸೌನಿ ಜನರಿಗೆ ಅದು ಸೃಷ್ಟಿಕರ್ತನ ಆಟ, ಕಾಯಿಲೆಯವರು ಗುಣವಾಗಲೆಂದು ಆಡುವ ಮದ್ದು ಕೂಡ. 1860ರ ದಶಕದಲ್ಲಿ ಅದಕ್ಕೆ ಲಿಖಿತ ನಿಯಮ ಮಾಡಿದವನು ಮಾಂಟ್ರಿಯಲ್‌ನ ವಿಲಿಯಂ ಜಾರ್ಜ್ ಬೀರ್ಸ್, ವೃತ್ತಿಯಿಂದ ಹಲ್ಲಿನ ಡಾಕ್ಟರು. ಗಿರಾಕಿಗಳ ಬಗ್ಗೆ ದೂರದೃಷ್ಟಿ ಇದ್ದವನಿರಬೇಕು. ಮೇರಿಲ್ಯಾಂಡಿಗೆ 1962ರಿಂದಲೂ ಅಧಿಕೃತ ಕ್ರೀಡೆ ಅಂತ ಒಂದಿದೆ: ಕುದುರೆಯೇರಿ ಈಟಿ ಹಿಡಿಯುವ ಜೌಸ್ಟಿಂಗ್. ಅದನ್ನು ಬಿಡಲಾರದೆ, ಇದನ್ನು ದೂರ ಮಾಡಲಾರದೆ, 2004ರಲ್ಲಿ ಲ್ಯಾಕ್ರೋಸಿಗೆ 'ತಂಡದ ಕ್ರೀಡೆ' ಎಂದು ಬೇರೆ ಪಟ್ಟ ಕಟ್ಟಿದರು. ಇಬ್ಬರು ಹೆಂಡಿರ ಮನೆಯ ನ್ಯಾಯ.

ನನಗೆ ಹಿಡಿಸಿದ್ದು ಒಂದೇ ನಿಯಮ. ಆಟ ನಡೆಯುತ್ತಿರುವಾಗಲೇ ದಣಿದವನು ಯಾರ ಅಪ್ಪಣೆಯನ್ನೂ ಕೇಳದೆ ಹೊರಗೆ ಓಡಬಹುದು. ಅವನು ಗೆರೆ ದಾಟಿದ ಕೂಡಲೇ ಇನ್ನೊಬ್ಬ ಒಳಗೆ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರು ಸೌಟು ಬದಲಿಸಿಕೊಂಡಂತೆ. ಮೂವತ್ತು ವರ್ಷದ ನನ್ನ ನೌಕರಿಯಲ್ಲಿ ಈ ನಿಯಮ ಇದ್ದಿದ್ದರೆ! ಒಳಗೆ ಓಡುವಾಗ ಎಲ್ಲರಿಗೂ ಇಪ್ಪತ್ತರ ಪ್ರಾಯ, ಹೊರಗೆ ಬರುವಾಗ ಐವತ್ತು. ನಮ್ಮ ಪಕ್ಕದ ಮನೆಯಾತನಂತೂ ಆಡಿದ್ದಕ್ಕಿಂತ ಹೆಚ್ಚು ಹೊತ್ತು ಬೆಂಚಿನ ಮೇಲೆ ಮೊಣಕಾಲಿಗೆ ಐಸ್ ಹಿಡಿದು ಕೂತಿದ್ದ, ಆದರೆ ಕೂಗಾಟ ಮಾತ್ರ ಅವನದೇ ಜೋರು.

ಸೋತರು. ಕಾರಿನ ಹತ್ತಿರ ನಡೆದ ಚರ್ಚೆಯಲ್ಲಿ ಸೋಲಿನ ಮಾತೇ ಬರಲಿಲ್ಲ, ಬರೀ ಮೊಣಕಾಲಿನದು. ಮುಂದಿನ ವಾರ ಎಷ್ಟು ಗಂಟೆಗೆ ಎಂದು ಮಾತ್ರ ಎಲ್ಲರೂ ಕೇಳಿಕೊಂಡರು.

ಹೊರಡುವಾಗ ಆತ ದೋಟಿಯನ್ನು ನನ್ನ ಕೈಗೆ ಕೊಟ್ಟ. ಬಲೆಯ ಆಳ ಒಂದು ಚೆಂಡಿನಷ್ಟೇ ಇರಬೇಕಂತೆ. ಅಪ್ಪೆಮಿಡಿಗೆ ಸಾಕು. ರಸಪುರಿಗೆ ಸಾಲದು.